ಒಡಪಿನೊಳಗಿನ ಹೆಸರು

ಹೈದರಾಬಾದಿನ ದಿಲ್‌ಸುಖ್‌ನಗರದ ಒಂದು ಫಂಕ್ಷನ್ ಹಾಲಿನಲ್ಲಿ ಮದುವೆ ಊಟಕ್ಕೆ ಕೂತಿದ್ದೇನೆ. ಎಲೆ ಹಾಕಿ ಬಹಳ ಹೊತ್ತಾಯಿತು, ಅನ್ನ ಇನ್ನೂ ಬಂದಿಲ್ಲ. ಈ ವಯಸ್ಸಿನಲ್ಲಿ ಮದುವೆಗಳು ಬಲು ದಣಿಸುತ್ತವೆ ನೋಡ್ರಿ. ಹೋಗದಿದ್ದರೆ ಬೀಗರಿಗೆ ಬೇಸರ, ಹೋದರೆ ನನ್ನ ಸೊಂಟಕ್ಕೆ ಬೇಸರ. ಅತ್ತ ಬಾಗಿಲಲ್ಲಿ ನಾದಿನಿಯರು ಮದುಮಗಳನ್ನು ತಡೆದು ನಿಲ್ಲಿಸಿದ್ದಾರೆ. ಗಂಡನ ಹೆಸರು ಹೇಳಿದರಷ್ಟೇ ಒಳಗೆ. ಹುಡುಗಿ ಫೋನು ತೆಗೆದಳು, ಯಾರೋ ಕಳಿಸಿದ್ದ ಒಡಪು ಓದಿದಳು, ದಾಟಿ ಬಂದಳು. ಅಷ್ಟೇ.

ನಮ್ಮ ಕಲಬುರ್ಗಿ ಕಡೆ ಹಿಂದೆ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳಿದರೆ ಆತನ ಆಯುಷ್ಯ ಕಡಿಮೆಯಾಗುತ್ತದೆಂಬ ಅಂಜಿಕೆ. ಆದರೆ ಪ್ರಾಸ ಕಟ್ಟಿ, ಸಾಲಿನೊಳಗೆ ಕೂಡಿಸಿ ಹೇಳಿದರೆ ದೋಷವಿಲ್ಲ, ಅದೇ ಒಡಪು. ನಮ್ಮವ್ವನ ಜೊತೆ ರೇಷನ್ ಅಂಗಡಿಗೆ ಹೋದಾಗ ಅಪ್ಪನ ಹೆಸರು ಕೂಗುವ ಕೆಲಸ ನನ್ನದಾಗಿತ್ತು. ಆ ಅನುಭವದ ಮೇಲೆಯೇ ಏನೋ, ಮುಂದೆ ನನಗೆ ಹೈದರಾಬಾದಿನ ಒಂದು ಆಸ್ಪತ್ರೆಯ ಕಿಟಕಿಯ ಹಿಂದೆ ಕುಳಿತು ಜನರ ಹೆಸರು ಕೇಳುವ ನೌಕರಿ ಸಿಕ್ಕಿತು. ಅದನ್ನೇ ಕೇಳುತ್ತ ಕೇಳುತ್ತ ರಿಟೈರಾದೆ.

ಆ ದಿನಗಳಲ್ಲೊಮ್ಮೆ ಮಧ್ಯಾಹ್ನ ಕಿಟಕಿಯ ಮುಂದೆ ಒಬ್ಬ ಹೆಂಗಸು ಬಂದು ನಿಂತಳು. ಸೀರೆಯ ಮೇಲೆ ಗಂಡಸಿನ ಅಂಗಿ, ತೋಳಿನ ತನಕ ಒಣಗಿದ ಸಿಮೆಂಟು. ಶಂಶಾಬಾದ್ ಹತ್ತಿರ ಕಟ್ಟುತ್ತಿದ್ದ ಕಟ್ಟಡದ ಮೇಲಿಂದ ಗಂಡ ಬಿದ್ದಿದ್ದ. ಆಕೆ ಬೇರೆ ಕಡೆ ಇಟ್ಟಿಗೆ ಹೊರುತ್ತಿದ್ದಳು. ಸುದ್ದಿ ತಿಳಿದು ಓಡಿ ಬರುವಷ್ಟರಲ್ಲಿ ಮೇಸ್ತ್ರಿ ಅವನನ್ನು ಇಲ್ಲಿಗೆ ಸಾಗಿಸಿದ್ದ. ಒಬ್ಬಳೇ ಬಸ್ ಹತ್ತಿ ಹುಡುಕಿಕೊಂಡು ಬಂದಿದ್ದಳು.

ನನ್ನ ಪಕ್ಕದ ತೆಲುಗು ಗೆಳೆಯ, "ಪೇರು ಚೆಪ್ಪಮ್ಮಾ," ಎಂದ. ಆಕೆ ಅವನನ್ನೂ ನನ್ನನ್ನೂ ನೋಡಿದಳು. ಹೆಸರು ಕೇಳುತ್ತಿರುವುದು ತಿಳಿಯಲಿಲ್ಲವೇನೋ ಎಂದುಕೊಂಡು ನಾನು ಕನ್ನಡದಲ್ಲಿ ಕೇಳಿದೆ.

"ನಿಮ್ಮ ಯಜಮಾನರ ಹೆಸರೇನವ್ವಾ?"

ನಮ್ಮ ಮಾತು ಕೇಳಿದ್ದೇ ಆಕೆಯ ಕಣ್ಣು ತುಂಬಿತು. "ತಿಳೀತ್ರಿ ಅಣ್ಣಾರ. ಹೆಂಗ ಹೇಳ್ಲಿ? ಹೆಸರ ತಗೊಂಡ್ರ ಆಯುಷ್ಯ ಕಡಿಮಿ ಆಗತೈತಿ ಅಂತಾರ. ಇವತ್ತ ಹೆಂಗ ತಗೋಲ್ರಿ?"

ಹಿಂದಿನ ಸಾಲು ಗೊಣಗತೊಡಗಿತ್ತು. ಬೇರೆ ದಿನವಾಗಿದ್ದರೆ ನಾನೂ ರೇಗುತ್ತಿದ್ದೆನೇನೋ. ಆದರೆ ಆಕೆ ಕಿಟಕಿಯ ಸರಳು ಹಿಡಿದಿದ್ದ ರೀತಿ ನೋಡಿ ಪೆನ್ನು ಕೆಳಗಿಟ್ಟೆ.

"ಒಡಪಿನಾಗ ಹೇಳ್ರಿ ಹಂಗಾದ್ರ," ಎಂದೆ.

"ಭಾಳ ಬರ್ತಿದ್ವು. ಈಗ ಒಂದೂ ನೆನಪಾಗವಲ್ದು."

ನಾನು ಕವಿಯಲ್ಲ, ಜನ್ಮದಲ್ಲಿ ಒಂದು ಪ್ರಾಸ ಕಟ್ಟಿದವನಲ್ಲ. ಆದರೆ ನಮ್ಮ ಸೀಮೆಯ ಗಂಡಸರಲ್ಲಿ ಅರ್ಧದಷ್ಟು ಮಂದಿ 'ಅಪ್ಪ'ಗಳೇ. ತುಪ್ಪ ಹಾಕಿದರೆ ಯಾರಾದರೂ ಸಿಕ್ಕಾರು ಎಂದುಕೊಂಡು, ನಾಚಿಕೆ ಬಿಟ್ಟು, ಅಷ್ಟು ಜನರೆದುರು ಹೇಳಿದೆ:

"ಬಿಸಿಬಿಸಿ ಹೋಳಿಗಿ, ಮ್ಯಾಲ ತುಪ್ಪ..."

ಆಕೆ ಕಣ್ಣು ಮುಚ್ಚಿದಳು. ತುಟಿಗಳು ಅಲುಗಿದವು. "ನೂರು ವರ್ಷ ಬಾಳ್ಲಿ ನಮ್ಮ ಶರಣಪ್ಪ," ಎಂದಳು.

ಶರಣಪ್ಪನೆಂಬ ಹೆಸರು ಆಸ್ಪತ್ರೆಯ ರಿಜಿಸ್ಟರಿನಲ್ಲಿರಲಿಲ್ಲ. ಎಷ್ಟು ಹುಡುಕಿದರೂ ಇಲ್ಲ. ಆ ಹೊತ್ತಿಗೆ ಶಂಶಾಬಾದ್ ಕಡೆಯಿಂದ ಬಂದವನು 'ರಾಜು' ಒಬ್ಬನೇ. ಆಕೆ, "ಅಂವ ನಮ್ಮವರಲ್ರಿ," ಎಂದು ಅಲ್ಲೇ ಕುಸಿದು ಕೂತಳು. ನನಗೇನೋ ಅನುಮಾನ. ಕಿಟಕಿಯನ್ನು ಗೆಳೆಯನಿಗೆ ಒಪ್ಪಿಸಿ ಆಕೆಯನ್ನು ಎಬ್ಬಿಸಿಕೊಂಡು ವಾರ್ಡಿಗೆ ನಡೆದೆ.

ಬಾಗಿಲ ಪಕ್ಕದ ಮಂಚದಲ್ಲಿ, ಕಾಲಿಗೆ ಪಟ್ಟಿ ಸುತ್ತಿಸಿಕೊಂಡು, ಗೋಡೆಯ ಕಡೆ ಮುಖ ಮಾಡಿ ಒಬ್ಬ ಮಲಗಿದ್ದ. ಆಗಲೂ ಆಕೆ ಹೆಸರು ಕರೆಯಲಿಲ್ಲ. "ಇಲ್ಲಿ ನೋಡ್ರಿ," ಎಂದಳು, ಅಷ್ಟೇ. ಆತ ತಿರುಗಿದ.

ಆಕೆ ಮಂಚದ ಅಂಚಿಗೆ ಕೂತು ತಲೆ ತಗ್ಗಿಸಿ, "ಎಲ್ಲಾರ ಮುಂದ ನಿಮ್ಮ ಹೆಸರ ಹೇಳೀನ್ರಿ," ಎಂದಳು.

"ಹೇಳಿದ್ದು ಛಲೋ ಆತು," ಎಂದ ಆತ. "ಮೇಸ್ತ್ರಿಗೆ ನನ್ನ ಹೆಸರ ಗೊತ್ತಿಲ್ಲ. ಎಲ್ಲಾರ್ನೂ ರಾಜು ಅಂತಾನ. ಇಲ್ಲೆ ಅದನ್ನ ಹೇಳಿ ಹೋಗ್ಯಾನ. ಡಾಕ್ಟರು ರಾಜು ಅಂದಾಗೆಲ್ಲ ನಾನೂ ಹೂಂ ಅಂದೀನಿ. ತಕರಾರು ಮಾಡಾಕ ತ್ರಾಣ ಇದ್ದಿಲ್ಲ."

ಕಾಲು ಕೂಡಿತು, ಆದರೆ ಕುಂಟು ಉಳಿಯಿತು. ಮುಂದೆ ತೋರಿಸಲು ಬಂದಾಗಲೆಲ್ಲ ಆಕೆ ನನ್ನ ಕಿಟಕಿಗೆ ಬಂದು ಮಾತಾಡಿಸಿ ಹೋಗುತ್ತಿದ್ದಳು. ಕಟ್ಟಡ ಮುಗಿದ ಮೇಲೆ ಆತ ಅಲ್ಲಿಯೇ ವಾಚ್‌ಮನ್ ಆದನಂತೆ. "ಈಗ ಎಲ್ಲಾರೂ ಏನಂತ ಕರೀತಾರ?" ಎಂದು ಕೇಳಿದ್ದೆ. "ವಾಚ್‌ಮನ್ ಅಂತಾರ್ರಿ," ಎಂದು ಆಕೆ ನಕ್ಕಿದ್ದಳು. ಆಮೇಲೆ ಬರುವುದು ನಿಂತಿತು.

ಅಂತೂ ಅನ್ನ ಬಂತು. ಸಾಲಿನುದ್ದಕ್ಕೂ "ಏ ಭಾಯ್, ಸಾರು", "ಏ ಅಣ್ಣಾ, ನೀರು" ಎಂಬ ಕೂಗು. ಜಗ್ಗು ಹಿಡಿದ, ನೆರೆಗೂದಲಿನ ಬಡಿಸುವವನು ನನ್ನ ಲೋಟಕ್ಕೆ ಬಗ್ಗಿದ. ನಾನೂ ಇಷ್ಟು ಹೊತ್ತು 'ಭಾಯ್' ಎಂದೇ ಕೂಗಿದ್ದೆ.

"ಹೆಸರೇನಪ್ಪಾ ನಿಂದು?" ಎಂದೆ.

ಆತನ ಕೈ ನಿಂತಿತು. ಕೇಟರಿಂಗ್ ಮಾಲಕ ನಿಂತಿದ್ದ ಕಡೆಗೊಮ್ಮೆ ನೋಡಿದ. "ಯಾಕ್ರಿ ಸಾಹೇಬ್ರ? ಏನರ ತಪ್ಪಾತೇನ್ರಿ?"

"ತಪ್ಪೇನಿಲ್ಲ. ಸುಮ್ಮನ ಕೇಳಿದೆ."

"ಮಾಳಪ್ಪ ಅಂತಾರ್ರಿ," ಎಂದ ಮೆಲ್ಲಗೆ. ಲೋಟ ತುಂಬಿಸಿ ಮುಂದಿನ ಎಲೆಗೆ ಹೋದ. ಸ್ವಲ್ಪ ಹೊತ್ತಿಗೆ ನನಗೆ ಮತ್ತೆ ನೀರು ಬೇಕಾಯಿತು. ಹೆಸರು ಹಿಡಿದು ಕರೆದೆ.