ಹಡಗಿನ ನೀಲಿ ಹಗ್ಗ

ಅರಿಸಿನ ಬೇಯುವ ವಾಸನೆ ಈ ಸಲ ಮತ್ತೆ ನಮ್ಮ ಬೀದಿಗೆ ಬಂತು. ಬೇಯಿಸಲು ಸರ್ಕಾರ ಕೊಟ್ಟ ಹಬೆ ಯಂತ್ರ ಕೆಟ್ಟು ಶೆಡ್ಡಿನಲ್ಲಿ ಕೂತಿದೆ. ರಿಪೇರಿ ಯಾರು ಮಾಡಿಸಬೇಕೆಂದು ಯಾರಿಗೂ ಗೊತ್ತಿಲ್ಲ. ಹಾಗಾಗಿ ಮೂಲೆಗೆ ಹಾಕಿದ್ದ ಬೀದಿಯ ಕೊಪ್ಪರಿಗೆಯನ್ನು ಹೊರಗೆ ಎಳೆದರು. ಅದನ್ನು ಟ್ರ್ಯಾಕ್ಟರಿಗೆ ಬಿಗಿಯಲು ನಾನು ಅಟ್ಟದಿಂದ ನೀಲಿ ಹಗ್ಗ ಇಳಿಸಿಕೊಟ್ಟೆ. ಹೆಬ್ಬೆರಳು ದಪ್ಪದ ಹಡಗಿನ ಹಗ್ಗ. ಚಂದಕವಾಡಿ ಕಡೆಯ ಅಟ್ಟದಲ್ಲಿ ಹಡಗಿನ ಹಗ್ಗಕ್ಕೇನು ಕೆಲಸ ಅಂತೀರಾ? ನಮ್ಮ ಮುಂದಿನ ಮನೆಯಲ್ಲಿ ಬಾಡಿಗೆಗಿದ್ದ ಮೇಡಮ್ಮ ಕೊಟ್ಟದ್ದು...

ಮೇಡಮ್ಮ ಚಾಮರಾಜನಗರದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಗುಂಡ್ಲುಪೇಟೆಯ ದಿನಸಿ ಅಂಗಡಿಯವರ ಮಗಳು. ಓದಿದ್ದು ಮಾತ್ರ ಸಮುದ್ರದ ಓದು. ಗುಂಡ್ಲುಪೇಟೆಯಲ್ಲಿ ಹುಟ್ಟಿ ಸಮುದ್ರ ಓದುವುದು ಎಂಥ ಬುದ್ಧಿ ಎಂದು ಮುಖದ ಮೇಲೇ ಕೇಳಿದ್ದೆ. ಅವಳು ನಕ್ಕಳು. ನಮ್ಮ ಹೊಲದ ಮಳೆ ಹೊರಡುವುದೇ ಅಲ್ಲಿಂದ, ಅಲ್ಲಿನ ನೀರಿನ ಬಿಸಿ ಗೊತ್ತಾದರೆ ಮಳೆಯ ಅಂದಾಜು ಸಿಗುತ್ತದೆ ಎಂದಳು. ಅದಕ್ಕೇ ಒಂದು ಯಂತ್ರವನ್ನು ಈ ನೀಲಿ ಹಗ್ಗದಲ್ಲಿ ಕಟ್ಟಿ, ಹಡಗಿನಿಂದ ಸಮುದ್ರದ ತಳಕ್ಕೆ ಇಳಿಸಿ ಬಂದಿದ್ದಳು. ಮಿಕ್ಕ ತುಂಡು ನನಗೆ ಬಂತು. "ಇದು ಕೊಳಿಯಕಿಲ್ಲ ಕಣ್ ದೊಡ್ಡವ್ವ" ಎಂದು ಹೇಳಿ ಕೊಟ್ಟಿದ್ದಳು.

ಯಂತ್ರ ತಳದಲ್ಲೇ ಕೂತು ನೀರಿನ ಬಿಸಿಯನ್ನು ತನ್ನೊಳಗೆ ಬರೆದಿಟ್ಟುಕೊಳ್ಳುತ್ತದಂತೆ. ಹಡಗಿನವರು ಅಲ್ಲಿಗೆ ಹೋಗಿ, ಒಂದು ಪೆಟ್ಟಿಗೆಯಿಂದ ನೀರಿನೊಳಗೆ ಸದ್ದು ಕಳಿಸಿದರೆ, ತಳದ ಭಾರಕ್ಕೆ ಸಿಕ್ಕಿಸಿದ ಕೊಂಡಿ ಬಿಚ್ಚಿ ಯಂತ್ರ ತೇಲಿ ಬರುತ್ತದಂತೆ. ಅಷ್ಟರೊಳಗೆ ಬ್ಯಾಟರಿ ಮುಗಿದರೆ ಕೊಂಡಿ ಬಿಚ್ಚುವುದಿಲ್ಲ. ಯಂತ್ರ ಅಲ್ಲೇ, ಅವಳ ಇಷ್ಟು ವರ್ಷದ ಕೆಲಸವೂ ಅಲ್ಲೇ.

ಹಡಗು ಇವಳೊಬ್ಬಳದಲ್ಲ. ನಾನಾ ಊರಿನ ಓದಿದವರೆಲ್ಲ ಸರದಿಯ ಮೇಲೆ ಹೋಗುವ ಸರ್ಕಾರದ ಹಡಗು. ನಮ್ಮ ಕೊಪ್ಪರಿಗೆಯ ಹಾಗೆಯೇ ಎಂದು ಅವಳೇ ಹೇಳಿದ್ದಳು. ನಮ್ಮ ಬೀದಿಯಲ್ಲಿ ಒಂದು ಕಟ್ಟಳೆ ಇದೆ. ಬೇಯಿಸಿದವರು ಕೊಪ್ಪರಿಗೆ ಉಜ್ಜಿ, ತೂತಿದ್ದರೆ ಮುಚ್ಚಿಸಿ ಮುಂದಿನ ಮನೆಗೆ ಕೊಡಬೇಕು. ಒಬ್ಬರ ಅರಿಸಿನ ಒಳಗಿರುವಾಗ ಯಾರೂ ಒಲೆಯಿಂದ ಕೊಪ್ಪರಿಗೆ ಇಳಿಸುವಂತಿಲ್ಲ. ಜಗಳವಾಡಿ ಮಾತು ಬಿಟ್ಟವರೂ ಅದನ್ನು ಮೀರುವುದಿಲ್ಲ.

"ನಿಮ್ಮ ಹಡ್ಗಿನ ತೂತ ಮುಚ್ಚೋರು ಯಾರಮ್ಮಿ?" ಎಂದು ಕೇಳಿದೆ.

"ಸರ್ಕಾರ."

"ಅಂಗಾರೆ ಕೆಟ್ಟೆ ಬುಡು."

ತಮಾಷೆಗೆ ಅಂದೆ. ಹಾಗೇ ಆಯಿತು. ಹಡಗು ಕೆಟ್ಟು ಬಂದರಿನಲ್ಲಿ ನಿಂತಿತು. ಹೊಸದು ತರಿಸುತ್ತೇವೆ, ಹಳೆಯದಕ್ಕೆ ಯಾಕೆ ದುಡ್ಡು ಸುರಿಯಬೇಕು ಎಂದರಂತೆ. ಹೊಸದೂ ಬರಲಿಲ್ಲ, ಹಳೆಯದಕ್ಕೂ ದುಡ್ಡು ಬರಲಿಲ್ಲ. ಮೇಡಮ್ಮ ಜಗಲಿಯಲ್ಲಿ ಕೂತು ಫೋನ್ ಮಾಡಿದಳು, ಮಾಡಿದಳು... ಒಬ್ಬ ಇನ್ನೊಬ್ಬನ ಹೆಸರು ಹೇಳುವುದು, ಆ ಇನ್ನೊಬ್ಬ ತಿರುಗಿ ಇವನ ಹೆಸರು ಹೇಳುವುದು. ಅರಿಸಿನ ಒಳಗಿದೆ, ಕೊಪ್ಪರಿಗೆ ಇಳಿಸಿಬಿಟ್ಟಿದ್ದಾರೆ. ಇದು ನನಗೆ ಅರ್ಥವಾಗುತ್ತದೆ, ಅವರಿಗೆ ಆಗುವುದಿಲ್ಲ ಎಂದರೆ ನಾನು ನಂಬುವುದಿಲ್ಲ.

ನನ್ನ ಮೈದುನ ಗುಂಡ್ಲುಪೇಟೆಯಿಂದ ಕೇರಳಕ್ಕೆ ತರಕಾರಿ ಲಾರಿ ಹೊಡೆಯುತ್ತಿದ್ದ. ಹಡಗಿಲ್ಲದಿದ್ದರೆ ದೋಣಿ ಎಂದ. ಕ್ಯಾಲಿಕಟ್ಟಿನಲ್ಲಿ ಅವನಿಗೆ ದೊಡ್ಡ ಮೀನು ದೋಣಿಯವನೊಬ್ಬನ ಪರಿಚಯ ಇತ್ತು.

"ಟೊಮೊಟೊ ಜೊತೆಗೆ ನಿಮ್ಮುನ್ನೂವೆ ಇಳುಸ್ಬುಡ್ತೀನಿ, ನಡೀರಿ ಮೇಡಂ. ಟೊಮೊಟೊ ಥರ ಅಮುಕಲ್ಲ ನಿಮ್ಮುನ್ನ" ಎಂದ.

ಅವಳು ಹೊರಟೇಬಿಟ್ಟಳು. ಸದ್ದಿನ ಪೆಟ್ಟಿಗೆಯನ್ನು ದಡಕ್ಕೇ ಕಳಿಸಿಕೊಡುತ್ತೇವೆ ಎಂದು ಹಡಗಿನ ಕಚೇರಿಯವರು ಫೋನಿನಲ್ಲಿ ಒಪ್ಪಿದ್ದರಂತೆ. ರಾತ್ರಿ ಕಾಡಿನ ಗೇಟು ಹಾಕುವ ಮೊದಲೇ ಲಾರಿ ಕೇರಳದ ದಾರಿಯ ಮದ್ದೂರು ಚೆಕ್‌ಪೋಸ್ಟ್ ದಾಟಿತು. ನಾನು ಬುತ್ತಿ ಕಟ್ಟಿಕೊಟ್ಟಿದ್ದೆ. ದೋಣಿಯವನು ಡೀಸೆಲ್ ತುಂಬಿಸಿ ಕಾದ. ಪೆಟ್ಟಿಗೆ ಬರಲೇ ಇಲ್ಲ. ಅದು ಎಲ್ಲರೂ ಹಂಚಿಕೊಳ್ಳುವ ಸಾಮಾನು, ಹಡಗು ಬಿಟ್ಟು ಆಚೆಗೆ ಹೋಗುವಂತಿಲ್ಲ ಎಂದು ಆಮೇಲೆ ಯಾರಿಗೋ ಜ್ಞಾಪಕ ಬಂತಂತೆ. ಹಡಗಾದರೂ ಹೊರಡುತ್ತದೆಯೇ, ಅದೂ ಇಲ್ಲ.

ವಾಪಸು ಬಂದವಳು ಸೀದಾ ನಮ್ಮ ಅಡಿಗೆ ಮನೆಗೆ ಬಂದು ಕೂತಳು. ಕಾಲಿನ ಮರಳನ್ನೂ ತೊಳೆದಿರಲಿಲ್ಲ. "ಕಾಯಕೇನ್ ಬ್ಯಾಸರಿಲ್ಲ ದೊಡ್ಡವ್ವ. ಅದು ಅಲ್ಲೇ ಅದೆ. ಎಲ್ಲದೆ ಅಂತ ನಂಗೊತ್ತು. ತರಕಾಯ್ತಿಲ್ಲ" ಎಂದಳು. ನನಗೆ ಸಮಾಧಾನ ಹೇಳಲು ಬರುವುದಿಲ್ಲ. ಮುದ್ದೆ ಬಡಿಸಿದೆ. ಅರ್ಧ ತಿಂದು ಎದ್ದಳು.

ಆ ಬೇಸಿಗೆಯೇ ಬ್ಯಾಟರಿ ಮುಗಿಯಿತು. ಆಮೇಲೆ ಅವಳು ಜಗಲಿಯಲ್ಲಿ ಕೂತು ಫೋನ್ ಮಾಡುವುದನ್ನು ಬಿಟ್ಟಳು. ವರ್ಗವಾಗಿ ಹೋದಳು. ಹಬ್ಬಕ್ಕೊಂದು ಫೋನ್ ಮಾತ್ರ ಬರುತ್ತಿತ್ತು... ಹೋದ ವರ್ಷ ಗುಂಡ್ಲುಪೇಟೆಯಿಂದ ಸುದ್ದಿ ಬಂತು. ಕಾಯಿಲೆಯಂತೆ. ಸಾಯುವ ವಯಸ್ಸಲ್ಲ.

ಈಗ ಟಿವಿಯಲ್ಲಿ ಹೊಸ ಹಡಗು ಬರುತ್ತದೆ ಎನ್ನುತ್ತಾರೆ. ಬರಲಿ. ಪೂಜೆ ಮಾಡುತ್ತಾರೆ, ಕಾಯಿ ಒಡೆಯುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಮುಂದಿನ ವರ್ಷದ ಡೀಸೆಲ್ಲು ಯಾರದು, ತೂತು ಮುಚ್ಚುವುದು ಯಾರ ಪಾಲು ಎಂದು ಒಬ್ಬರಾದರೂ ಕೇಳಲಿ, ನೋಡೋಣ. ಮೇಡಮ್ಮನ ಯಂತ್ರ ಎಲ್ಲಿದೆ ಎಂದು ಕೇಳುವವರಂತೂ ಇಲ್ಲ.

ನಿನ್ನೆ ಕೊಪ್ಪರಿಗೆ ಬಿಗಿಯುವಾಗ ಮೈದುನ, ಹಗ್ಗ ಉದ್ದವಾಯಿತು, ಅರ್ಧಕ್ಕೆ ಕುಯ್ಯಲೇ ಎಂದು ಕೇಳಿದ. ಬೇಡ ಎಂದೆ. ಇದರ ಒಂದು ತುಂಡನ್ನು ಸಮುದ್ರದಲ್ಲಿ ಬಿಟ್ಟಿರುವುದು ಸಾಕು. ಅವನು ಸುತ್ತು ಹೆಚ್ಚು ಹಾಕಿ ಕಟ್ಟಿದ. ಸಂಜೆ ಬಿಚ್ಚಿ ತಂದುಕೊಟ್ಟಾಗ ಉದ್ದಕ್ಕೂ ಬೆರಳಾಡಿಸಿ ನೋಡಿದೆ. ಅವಳು ಹೇಳಿದ್ದು ನಿಜ. ಕೊಳೆತಿಲ್ಲ.