ಎಚ್ಚರ ಅಳೆಯುವ ಟೋಪಿ

ನಾನೊಬ್ಬ ಸ್ವತಂತ್ರ ಪತ್ರಕರ್ತ. ಹಾಗೆಂದರೆ ನನ್ನನ್ನು ಯಾರೂ ಕೆಲಸಕ್ಕೆ ಇಟ್ಟುಕೊಂಡಿಲ್ಲ ಎಂದರ್ಥ. ನಂಜನಗೂಡಿನ ನಮ್ಮ ಮನೆಯ ಊಟದ ಮೇಜೇ ನನ್ನ ಪತ್ರಿಕಾಲಯ. ಒಗ್ಗರಣೆಯ ಹೊತ್ತಿಗೆ ಅದನ್ನು ಖಾಲಿ ಮಾಡಿಕೊಡಬೇಕು ಎಂಬುದಷ್ಟೇ ನನ್ನ ಸ್ವಾತಂತ್ರ್ಯಕ್ಕಿರುವ ಮಿತಿ. ಅಲ್ಲಿ ಕುಳಿತು, ಮಿದುಳನ್ನು ಓದುತ್ತೇವೆನ್ನುವ ಯಂತ್ರಗಳ ಬಗ್ಗೆ ವಾರಕ್ಕೊಮ್ಮೆ ಬರೆದು ಓದುಗರ ಮೊಬೈಲಿಗೆ ಕಳಿಸುತ್ತೇನೆ. "ಊರವರ ತಲೆಯನ್ನೆಲ್ಲ ನೀವ್ಯಾಕೆ ಹೊತ್ಕೊಂಡು ತಿರುಗ್ತೀರಿ?" ಎನ್ನುವುದು ನನ್ನ ಹೆಂಡತಿ ನಾಗರತ್ನಳ ವಿಮರ್ಶೆ.

ಹಿಂದೆ ಈ ಯಂತ್ರಗಳು ಪ್ರಯೋಗಾಲಯ ಬಿಟ್ಟು ಆಚೆ ಬರುತ್ತಿರಲಿಲ್ಲ. ಮಾತು ನಿಂತುಹೋದ ರೋಗಿಯೊಬ್ಬ ಬರೀ ಯೋಚಿಸಿಯೇ ಪರದೆಯ ಮೇಲೆ ಅಕ್ಷರ ಮೂಡಿಸಬಲ್ಲ ಎಂದು ಮೊದಲು ಓದಿದ ದಿನ ನನ್ನ ಕಣ್ಣು ತುಂಬಿ ಬಂದಿತ್ತು. ಆದರೆ ಯಾವ ವಿದ್ಯೆಯಾದರೂ ಬೀದಿಗಿಳಿದ ಮೇಲೆ ಬೀದಿಯ ಬುದ್ಧಿ ಕಲಿಯುತ್ತದೆ. ಈಗ ನಮ್ಮೂರ ಮೊಬೈಲ್ ಅಂಗಡಿಯಲ್ಲೇ, ಚಾರ್ಜರುಗಳ ಪಕ್ಕ, ಧ್ಯಾನ ಎಷ್ಟಾಯಿತೆಂದು ಅಂಕ ಕೊಡುವ ಹಣೆಪಟ್ಟಿ ನೇತಾಡುತ್ತಿದೆ. ಋಷಿಗಳಿಗೆ ಈ ಸೌಲಭ್ಯವಿದ್ದಿದ್ದರೆ ಅರ್ಧ ತಪಸ್ಸು ಅಂಕ ನೋಡಿಕೊಳ್ಳುವುದರಲ್ಲೇ ಕಳೆದುಹೋಗುತ್ತಿತ್ತು.

ಒಂದು ಭಾನುವಾರ ಇಂಥದ್ದೇ ಒಂದು ಯಂತ್ರ, ಟೋಪಿಯ ವೇಷದಲ್ಲಿ, ನಮ್ಮ ಮನೆಗೇ ಬಂತು. ತಂದವನು ನನ್ನ ಶಾಲೆಯ ಗೆಳೆಯ ಮಾದೇವ. ಟಿ. ನರಸೀಪುರದಿಂದ ತಾಂಡವಪುರದ ಕಡೆಯ ಕಾರ್ಖಾನೆಯೊಂದಕ್ಕೆ ಕೆಲಸಗಾರರನ್ನು ಕರೆದೊಯ್ಯುವ ಬಸ್ಸಿನ ಡ್ರೈವರ್.

"ನೋಡ್ಲಾ, ಇದ ಆಕ್ಕೊಂಡೇ ಗಾಡಿ ಓಡಿಸ್ಬೇಕಂತೆ. ಮಿದುಳು ಎಚ್ಚರಾಗಿದ್ರೆ ಅಸ್ರು ಲೈಟು, ತೂಕಡಿಸಿದ್ರೆ ಕೆಂಪು. ನಾನು ಕಣ್ಣು ಬುಟ್ಕಂಡೇ ಇವ್ನಿ, ಇದು ನಿದ್ದೆ ಅಂತದೆ. ಇನ್ನೊಂದ್ಸಲ ಕೆಂಪು ಬಂದ್ರೆ ಸ್ಟೇರಿಂಗ್ ಕಿತ್ಕಂಡು ಮನೆಗೆ ಕಳಿಸ್ತಾರಂತೆ."

ಮಾದೇವನಿಗೆ ಸ್ಟೇರಿಂಗ್ ಬಿಟ್ಟರೆ ಬೇರೆ ಗೊತ್ತಿಲ್ಲ. ಮಾತಾಡುವಾಗಲೂ ಅವನ ಕೈ ಗಾಳಿಯಲ್ಲಿ ತಿರುವು ತೆಗೆದುಕೊಳ್ಳುತ್ತಿರುತ್ತದೆ. ನಾನು ಗಂಭೀರವಾಗಿ ಟೋಪಿ ಧರಿಸಿ, ನನ್ನ ಬದುಕಿನ ಅತ್ಯಂತ ಆಳವಾದ ವಾಕ್ಯವೊಂದನ್ನು ಯೋಚಿಸತೊಡಗಿದೆ. ಮೇಜಿನ ಮೇಲಿಟ್ಟಿದ್ದ ಅದರ ಪುಟ್ಟ ಪೆಟ್ಟಿಗೆಯಲ್ಲಿ ಕೆಂಪು ಲೈಟು ಹತ್ತಿತು.

"ಪರವಾಗಿಲ್ಲ, ಟೋಪಿಗೆ ಬುದ್ಧಿ ಇದೆ," ಎಂದ ನಾಗರತ್ನ ಚಕ್ಕುಲಿ ಡಬ್ಬಿ ತಂದಿಟ್ಟಳು. ಅವಮಾನ ಮರೆಯಲು ಒಂದನ್ನು ಕಡಿದೆ. ಹಸಿರು! ನುಂಗಿದೆ, ಕೆಂಪು. ಮತ್ತೊಂದು ಕಡಿದೆ, ಮತ್ತೆ ಹಸಿರು. ವಿಜ್ಞಾನದ ಹಿತಕ್ಕಾಗಿ ಡಬ್ಬಿ ಖಾಲಿಯಾಯಿತು. ಮಿದುಳಿನ ವಿದ್ಯುತ್ತು ಪಿಸುಮಾತಿನಷ್ಟು ಸಣ್ಣದು. ದವಡೆಯ ಸ್ನಾಯುಗಳದ್ದು ಸಂತೆಯ ಗದ್ದಲ. ಅಗಿದಾಗ ಎದ್ದ ಆ ಗದ್ದಲವನ್ನೇ ಟೋಪಿ ಎಚ್ಚರವೆಂದು ನಂಬಿಬಿಟ್ಟಿತ್ತು.

"ಎಲೆಅಡಿಕೆ ಎಲ್ಲೋ ಮಾದೇವ? ಬಾಯಿ ಖಾಲಿ ಇದೆ?" ಎಂದೆ.

"ಮಗಳ ಎರಿಗೆ ಸುಸೂತ್ರವಾದ್ರೆ ಬುಟ್ಬುಡ್ತೀನಿ ಅಂತ ನಂಜುಂಡಪ್ಪಂಗೆ ಅರಕೆ ಒತ್ತಿದ್ದೆ. ಬುಟ್ಟೆ."

ಮಿಕ್ಕ ಡ್ರೈವರುಗಳೆಲ್ಲ ದಾರಿಯುದ್ದಕ್ಕೂ ಎಲೆಅಡಿಕೆ ಜಗಿಯುವವರು. ಅವರಲ್ಲಿ ರಾತ್ರಿ ಪಾಳಿಯ ಸಿದ್ದಪ್ಪ ಎಂಬವರಿಗಂತೂ 'ತಿಂಗಳ ಎಚ್ಚರದ ಚಾಲಕ' ಪ್ರಶಸ್ತಿಯೇ ಬಂದಿತ್ತು. ವೇದಿಕೆಯ ಮೇಲೆ ಹೆಸರು ಕೂಗಿದಾಗ ಪಕ್ಕದಲ್ಲಿದ್ದ ಮಾದೇವನೇ ತಿವಿದು ಎಬ್ಬಿಸಬೇಕಾಯಿತಂತೆ.

"ಹಾಗಾದರೆ ಕಡ್ಲೆಕಾಯಿ ಅಗಿ. ಹರಕೆಗೂ ಭಂಗವಿಲ್ಲ," ಎಂದು ಸುಲಭದ ದಾರಿ ತೋರಿಸಿದೆ.

ಮಾದೇವ ಕೆರಳಿದ. "ಟೋಪಿ ಮೆಚ್ಲಿ ಅಂತ ದಿನಾ ಮೇಯಕೆ ನಾನೇನ್ ದನವಾ? ಅಗೀತಾನೇ ತೂಕಡಿಸೋನ್ಗೂ ಅಸ್ರು ಕೊಡ್ತದಲ್ಲ, ಇಂದೆ ಕೂತಿರೋ ಎಣ್ಮಕ್ಳ ಗತಿ ಏನ್ಲಾ?"

ಅಲ್ಲಿಯವರೆಗೆ ನಗುತ್ತಿದ್ದ ನನಗೆ ಆಗ ನಿಜಕ್ಕೂ ಹೆದರಿಕೆಯಾಯಿತು. ಮರುದಿನವೇ ಅವನ ಬಸ್ಸು ಹತ್ತಿದೆ. ಬಾನೆಟ್ಟಿನ ಪಕ್ಕದ ಸೀಟಿನಲ್ಲಿ ಪ್ಯಾಕಿಂಗ್ ಕೆಲಸದ ಪುಟ್ಟತಾಯಮ್ಮ ಕುಳಿತಿದ್ದರು. ಆ ಸೀಟಿಗೊಂದು ಕಟ್ಟುಪಾಡಿದೆ: ಅಲ್ಲಿ ಕೂತವರು ಇಳಿಯುವ ತನಕ ಡ್ರೈವರನ್ನು ಮಾತಾಡಿಸುತ್ತಿರಬೇಕು. ಮಾದೇವ ಯಾವತ್ತಾದರೂ ತೂಕಡಿಸಿದ್ದಾನೆಯೇ ಎಂದು ಕೇಳಿದೆ.

"ಅವನು ತೂಕಡಿಸಿದ್ರೆ ಮೊದ್ಲು ಸಾಯೋಳು ನಾನು ಕಣ್ ಸಾ. ನಂಗೆ ಗೊತ್ತಾಗಕಿಲ್ವಾ?"

ಇದಕ್ಕಿಂತ ನಂಬಿಕಸ್ಥ ಸಾಕ್ಷಿ ಯಾವ ಪ್ರಯೋಗಾಲಯದಲ್ಲಿ ಸಿಕ್ಕೀತು? ಆದರೂ ಪತ್ರಕರ್ತನೆಂದ ಮೇಲೆ ಎದುರು ಪಕ್ಷದ ಮಾತನ್ನೂ ಕೇಳಬೇಕಲ್ಲ. ಸಾರಿಗೆ ನೋಡಿಕೊಳ್ಳುವ ಮ್ಯಾನೇಜರರ ಬಳಿ ಹೋದೆ, ಕೈಚೀಲದಲ್ಲಿ ನಾಗರತ್ನಳ ಹೊಸ ಚಕ್ಕುಲಿಯೊಂದಿಗೆ. ಟೋಪಿ ತಪ್ಪು ಹೇಳುತ್ತಿದೆ ಎಂದದ್ದಕ್ಕೆ ಅವರು ಆತ್ಮವಿಶ್ವಾಸದಿಂದ ತಾವೇ ಒಂದನ್ನು ಹಾಕಿಕೊಂಡು ನನ್ನನ್ನು ದುರುಗುಟ್ಟಿ ನೋಡಿದರು. ಕೆಂಪು. ಇನ್ನಷ್ಟು ದುರುಗುಟ್ಟಿದರು. ಕೆಂಪೇ. ನಾನು ವಿನಯದಿಂದ ಚಕ್ಕುಲಿ ಮುಂದಿಟ್ಟೆ. ಅವರು ಕಡಿದದ್ದೇ ತಡ, ಹಸಿರು ಬೆಳಗಿತು. ಮೇಜಿನ ಮೇಲಿದ್ದ ಲೈಟನ್ನೇ ನೋಡುತ್ತ ಬಹಳ ಹೊತ್ತು ಅಗಿದರು.

"ಇದನ್ನ ಬರೀಲೇಬೇಕಾ ಸಾರ್?"

"ಬರೀಲೇಬೇಕು," ಎಂದೆ. ಸ್ವತಂತ್ರ ಪತ್ರಕರ್ತ ಎಂಬ ಬಿರುದು ಅವತ್ತೊಂದು ದಿನ ನನಗೆ ಸರಿಯಾಗಿ ಹೊಂದಿತು.

ಬರೆದೆ. ಯಾರೋ ಅದನ್ನು ಕಾರ್ಖಾನೆಯವರಿಗೆಲ್ಲ ಕಳಿಸಿದರು. ಪ್ಯಾಕಿಂಗ್ ಹೆಂಗಸರು ಮ್ಯಾನೇಜರರ ಬಾಗಿಲಿಗೆ ಹೋಗಿ ನಿಂತರು. ಟೋಪಿಗಳು ಬೀರು ಸೇರಿದವು. ಸಿದ್ದಪ್ಪನವರಿಗೆ ಹಗಲಿನ ಪಾಳಿಯೂ, ಪಕ್ಕದ ಸೀಟಿಗೆ ಊರಿಗೇ ಹೆಸರಾದ ಬಾಯಿಬಡುಕಿಯೊಬ್ಬರೂ ಸಿಕ್ಕರು. ಡ್ರೈವರು ಎಚ್ಚರವಾಗಿದ್ದನೇ ಎಂದು ಈಗ ಮ್ಯಾನೇಜರು ಬಾನೆಟ್ ಸೀಟಿನವರನ್ನೇ ಕೇಳುತ್ತಾರಂತೆ.

ಮಾದೇವನ ಸ್ಟೇರಿಂಗ್ ಉಳಿಯಿತು, ಹರಕೆಯೂ ಉಳಿಯಿತು. ಒಂದು ಚಿಪ್ಪು ರಸಬಾಳೆ ಹಿಡಿದುಕೊಂಡು ಮನೆಗೆ ಬಂದ. ಹೊಗಳಿಕೆ ಕೇಳುವ ಆಸೆ ಯಾರಿಗಿಲ್ಲ? "ನಾನು ಬರೆದದ್ದು ಓದಿದೆಯೇನೋ?" ಎಂದೆ.

"ಓದ್ದೆ ಕಣ್ಲಾ. ಎರಡ್ನೇ ಪ್ಯಾರಾಕ್ಕೆಲ್ಲ ಅದೇನ್ ನಿದ್ದೆ ಬಂತು ಅಂತೀಯ!"

ಅವನ ಆ ಮಾತನ್ನು ನಾನು ಯಾವ ಟೋಪಿಯ ಸಹಾಯವೂ ಇಲ್ಲದೆ ನಂಬಿದೆ.