ನಾಲ್ಕಕ್ಕೆ ನಿಲ್ಲುವ ಚಂದ್ರಕಾಳಿ

ಗೌತಮಿ ಮಾಡಿದ ಮೊದಲ ಕೈಗಡಿಯಾರದ ಮುಖ ಅವಳ ಅತ್ತೆಯ ಮದುವೆಯ ಸೀರೆಯಿಂದ ಬಂದದ್ದು. ಇಳಕಲ್ಲಿನ ಚಂದ್ರಕಾಳಿ, ಕಾಡಿಗೆಯಂಥ ಕಪ್ಪು ರೇಷ್ಮೆ. ರೈಲ್ವೆಯಲ್ಲಿದ್ದ ಮಗನ ಜೊತೆ ಧಾರವಾಡದಿಂದ ನಾಗಪುರಕ್ಕೆ ಬರುವಾಗ ಯಲ್ಲಮ್ಮ ಅದನ್ನು ಟ್ರಂಕಿನ ತಳದಲ್ಲಿಟ್ಟು ತಂದಿದ್ದರು. ಧರಮಪೇಠದ ಮನೆಯಲ್ಲಿ ಅವರು ಅದನ್ನು ಉಟ್ಟದ್ದನ್ನು ಯಾರೂ ನೋಡಲಿಲ್ಲ. ಒಂದು ದಿನ ಅವರೇ ಕತ್ತರಿ ತಂದು ಸೊಸೆಯ ಮುಂದಿಟ್ಟರು.

“ಕತ್ತರಸು. ಟ್ರಂಕಿನ್ಯಾಗ ಕುಂತು ಕುಂತು ಅದಕ್ಕೂ ಬ್ಯಾಸರ ಆಗೇತಿ.”

ಗೌತಮಿಯದು ಸರಕಾರಿ ಸಂಸ್ಥೆಯೊಂದರಲ್ಲಿ ಅಳತೆಯ ಮೀಟರುಗಳನ್ನು ಸರಿಪಡಿಸುವ ಕೆಲಸ. ಸಣ್ಣ ವಸ್ತುಗಳ ಮುಂದೆ ಉಸಿರು ಬಿಗಿಹಿಡಿದು ಕೂರುವುದು ಅವಳಿಗೆ ಅಭ್ಯಾಸವಾಗಿತ್ತು. ಒಮ್ಮೆ ಕರಕುಶಲ ಮೇಳದಲ್ಲಿ ಕಸೂತಿಯ ಚೀಲಗಳನ್ನು ಪ್ಲಾಸ್ಟಿಕ್ ಹೂಗಳ ಪಕ್ಕ ನೇತುಹಾಕಿದ್ದನ್ನು ನೋಡಿದ್ದಳು. ಜನ ಎರಡು ಬೆರಳಲ್ಲಿ ಎತ್ತಿ, ನೋಡಿ, ಬಿಟ್ಟು ಮುಂದೆ ಹೋಗುತ್ತಿದ್ದರು. ಅದೇ ಕಸೂತಿಯನ್ನು ಜನ ಗಡಿಯಾರದ ಗಾಜಿನ ಮೇಲೆ ಬಾಗಿ ಸದ್ದಿಲ್ಲದೆ ನೋಡುವಂತಾಗಬೇಕು ಎಂಬ ಆಸೆ ಅಲ್ಲಿಂದ ಅವಳನ್ನು ಬಿಡಲಿಲ್ಲ. ಸಂಬಳವಿಲ್ಲದ ರಜೆ ಹಾಕಿದಳು. ಒಳಗಿನ ಯಂತ್ರವನ್ನು ಜಪಾನಿನಿಂದ ತರಿಸಿದಳು, ಉಕ್ಕಿನ ಕವಚವನ್ನು ಹಿಂಗಣಾದ ಲೇತ್ ಅಂಗಡಿಯಲ್ಲಿ ಕಡೆಸಿದಳು. ಮಳೆ ಬೀಳುವ ಮೊದಲು ಯಾವುದಾದರೂ ದೊಡ್ಡ ಅಂಗಡಿ ತನ್ನ ಗಡಿಯಾರವನ್ನು ಇಟ್ಟುಕೊಳ್ಳದಿದ್ದರೆ ಕೆಲಸಕ್ಕೆ ಮರಳುತ್ತೇನೆ, ಮತ್ತೆ ಈ ಮಾತೆತ್ತುವುದಿಲ್ಲ ಎಂದು ಗಂಡ ಆನಂದನಿಗೆ ಮಾತು ಕೊಟ್ಟಿದ್ದಳು.

ಕಸೂತಿಗೆ ಗಂಟು ಇಲ್ಲ. ದಾರ ಒಂದು ಎಳೆ ಬಿಟ್ಟು ಒಂದು ಎಳೆ ಹಿಡಿದು ಮುಂದಕ್ಕೆ ಹೋಗುತ್ತದೆ. ಬರುವಾಗ ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತ ಹೊರಟಲ್ಲಿಗೇ ಬಂದು ಸೇರುತ್ತದೆ. ಬಟ್ಟೆಯನ್ನು ತಿರುಗಿಸಿದರೆ ಹಿಂದೆಯೂ ಅದೇ ಚಿತ್ರ. ಗಂಟು ಹಾಕಿದವಳ ಕೈಯ ಕೆಲಸವನ್ನು ಯಲ್ಲಮ್ಮ ಕಸೂತಿ ಎಂದು ಕರೆಯುತ್ತಲೇ ಇರಲಿಲ್ಲ.

ಆ ಬೇಸಿಗೆಯ ಮಧ್ಯಾಹ್ನಗಳಲ್ಲಿ ಅವರು ಗಡಿಯಾರದ ಮುಖಕ್ಕೆ ಕಸೂತಿ ಹಾಕಲು ಕೂತಾಗ ಕೂಲರ್ ಆರಿಸಬೇಕಾಗುತ್ತಿತ್ತು, ಇಲ್ಲದಿದ್ದರೆ ದಾರ ಹಾರುತ್ತಿತ್ತು. ಒದ್ದೆ ಲಾವಂಚದ ವಾಸನೆ ಕೋಣೆಯಲ್ಲೇ ನಿಂತಿರುತ್ತಿತ್ತು. ಮುಚ್ಚಿದ ಕಿಟಕಿಯ ಸಂದಿನಿಂದ ಬಂದ ಒಂದು ಗೆರೆ ಬಿಸಿಲಿನಲ್ಲಿ ಸೂಜಿ ಮಿಂಚಿ ಮಾಯವಾಗುತ್ತಿತ್ತು. ಕಪ್ಪು ರೇಷ್ಮೆಯ ಮೇಲೆ ಗಂಟೆಯ ಅಂಕಿಗಳ ಜಾಗದಲ್ಲಿ ಒಂದೊಂದೇ ಕಸೂತಿಯ ಗೋಪುರ ಮೇಲೇಳುತ್ತಿತ್ತು, ರಾತ್ರಿಯ ಊರೊಂದು ದೂರದಿಂದ ಕಾಣಿಸಿದ ಹಾಗೆ. ನಡುವೆ ಯಲ್ಲಮ್ಮ, “ಸೂಜಿ ಪೋಣಿಸಿ ಕೊಡು. ಈ ಊರಾಗ ಬಿಸಲ ಐತಿ, ಬೆಳಕಿಲ್ಲ,” ಎನ್ನುತ್ತಿದ್ದರು. ಗೌತಮಿ ನಗುತ್ತ ಪೋಣಿಸಿ ಕೊಡುತ್ತಿದ್ದಳು.

ಸಿದ್ಧವಾದ ಗಡಿಯಾರವನ್ನು ಅವಳು ರಾಮದಾಸಪೇಠಿನ ದೊಡ್ಡ ಗಡಿಯಾರದಂಗಡಿಗೆ ಒಯ್ದಳು. ಅಂಗಡಿಯ ಮಾಲೀಕ ಹೃಷಿಕೇಶ ನಾಗಪುರದಲ್ಲೇ ಹುಟ್ಟಿ ಬೆಳೆದವನು. ಕನ್ನಡ ಅವನಿಗೆ ಅಜ್ಜಿಯಿಂದ ಬಂದದ್ದು, ಅರ್ಧ ದಾರಿಯಲ್ಲಿ ಮರಾಠಿಯಾಗುತ್ತಿತ್ತು. ಅವನು ಗಡಿಯಾರದ ಮೇಲೆ ಬಾಗಿ ಬಹಳ ಹೊತ್ತು ಮಾತಾಡಲಿಲ್ಲ. ಗೌತಮಿಯ ಆಸೆಯಲ್ಲಿದ್ದದ್ದು ಅದೇ ಮೌನ.

“ವೈನಿ, ಏಕದಮ್ ಚಲೋ ಐತಿ,” ಎಂದವನು ಮತ್ತೆ ನೋಡಿದ. “ಪಣ... ಆದ್ರ ಇದು ನಿಂತದ.”

ಅವನೇ ಅಲುಗಾಡಿಸಿದ, ಮುಳ್ಳು ತಿರುಗಿಸಿದ. ಸಣ್ಣ ಮುಳ್ಳು ನಾಲ್ಕರ ಹತ್ತಿರ ಬಂದು ಮತ್ತೆ ನಿಂತಿತು.

“ಚಹಾದ ಟೈಮಿಗೆ ಬರೋಬರ್ ಸೂಟಿ ತಗೋತದ, ಸರ್ಕಾರಿ ಘಡಿ,” ಎಂದು ನಕ್ಕ. ನಂತರ ಮೆತ್ತಗೆ ಹೇಳಿದ, “ರಿಪೇರಿ ಮಾಡ್ಕೊಂಡು ಬರ್ರಿ ವೈನಿ. ಇನ್ನೊಮ್ಮೆ ನೋಡೂಣು. ಮೂರನೇ ಸಲ ಮಾತ್ರ ಬ್ಯಾಡ.”

ಗೌತಮಿ ಯಂತ್ರವನ್ನೇ ಸಂಶಯಿಸಿದಳು. ಅದನ್ನು ಬದಲಿಸಿದರೂ ಗಡಿಯಾರ ನಾಲ್ಕಕ್ಕೇ ನಿಂತಿತು. ಕೊನೆಗೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಅಡ್ಡದಿಂದ ನೋಡಿದಳು. ನಾಲ್ಕರ ಗೋಪುರದ ಬುಡ ಕೂದಲೆಳೆಯಷ್ಟು ಉಬ್ಬಿತ್ತು, ಮುಳ್ಳು ಅದಕ್ಕೆ ತಾಗುತ್ತಿತ್ತು. ಬಟ್ಟೆ ಬಿಚ್ಚಿ ತಿರುಗಿಸಿದಳು. ಹಿಂದೆ ಸಾಸಿವೆಗಿಂತ ಸಣ್ಣದೊಂದು ಗಂಟು.

ಅವಳು ಅದನ್ನು ನೋಡುತ್ತ ಕೂತಳು. ಪೋಣಿಸಿ ಕೊಟ್ಟ ಸೂಜಿಗಳೆಲ್ಲ ನೆನಪಾದವು. ಈ ಉದ್ಯಮ ನಿಂತಿದ್ದೇ ಅತ್ತೆಯ ಕೈಗಳ ಮೇಲೆ. ಹಿಂದೆ ಯಲ್ಲಮ್ಮ ಬಂದು ನಿಂತದ್ದು ತಿಳಿಯಲಿಲ್ಲ.

“ಸಿಕ್ತೇನು?” ಎಂದರು ಅವರು.

“ಅತ್ತಿ, ಹೇಳಬಾರದಿತ್ತೇನ್ರೀ?”

“ಏನಂತ ಹೇಳಲಿ? ಹ್ವಾದ ದಾರ ಹೊಳ್ಳಿ ಬರೂ ದಾರಿ ಕಾಣಲಿಲ್ಲ ನನಗ. ಅಲ್ಲೇ ಗಂಟ ಹಾಕಿ ಸುಮ್ನಾದೆ. ಗಾಜಿನ ಬುಡಕ ಯಾರ ನೋಡ್ತಾರ ಅಂದ್ಕೊಂಡೆ.” ಅವರು ಸೆರಗಿನಿಂದ ಮುಖ ಒರೆಸಿಕೊಂಡರು. “ನಿನ್ನ ಗಡಿಯಾರ ಭಾಳ ಚಾಡಿಕೋರ ಐತಿ ನೋಡು.”

ಗೌತಮಿಗೆ ನಗು ಬಂತು. ಭೂತಗನ್ನಡಿಯನ್ನು ತೆಗೆದು ಅತ್ತೆಯ ಕಣ್ಣಿಗೆ ಸಿಕ್ಕಿಸಿದಳು.

“ಅಯ್ಯ, ಇದೇನ ಗೂಗಿ ಕಣ್ಣ!” ಎಂದು ಬೈಯುತ್ತಲೇ ಯಲ್ಲಮ್ಮ ಬಟ್ಟೆಯ ಮೇಲೆ ಬಾಗಿದರು. “ಒಂದ ಎಳಿ ಛಂದ ಕಾಣ್ತೈತಿ. ಆದ್ರ ಆಜೂಬಾಜೂದ್ದು ಏನೂ ಕಾಣೂದಿಲ್ಲ. ಎಣಸೂದು ಹ್ಯಾಂಗ?”

“ಎಣಿಸಿಕೊಂಡು ಮುಂದ ಹೋಗೂದು ನಾ ಮಾಡ್ತೀನಿ. ಹೊಳ್ಳಿ ಬರೂದು ನೀವು ಮಾಡ್ರಿ. ಬಿಟ್ಟ ಜಾಗಾ ತುಂಬಿದ್ರಾತು.”

ಒಂದೇ ದಾರದಲ್ಲಿ ಇಬ್ಬರ ಕೈ. ಯಾರೂ ಹಾಗೆ ಮಾಡಿದ್ದನ್ನು ಯಲ್ಲಮ್ಮ ಎಲ್ಲೂ ಕಂಡಿರಲಿಲ್ಲ.

“ನೀ ತಪ್ಪ ಎಣಸಿದ್ರ ನಾ ಎಲ್ಲಿಗೆ ಹೋಗಿ ಮುಟ್ಟಬೇಕು?”

“ಅಲ್ಲಿ ನಿಂತು ಬೈರಿ. ಬಿಚ್ಚಿ ಮತ್ತ ಎಣಸ್ತೀನಿ.”

ಚಂದ್ರಕಾಳಿಯ ಇನ್ನೊಂದು ತುಂಡು ಕತ್ತರಿಸಿದರು. ಗೌತಮಿಯ ಕೈ ಹಲವು ಸಲ ತಪ್ಪಿತು, ಬೈಗುಳಕ್ಕೇನೂ ಕೊರತೆಯಾಗಲಿಲ್ಲ. ಅವಳ ಸೂಜಿ ದಾಟಿಹೋದ ಕತ್ತಲಲ್ಲಿ ಯಲ್ಲಮ್ಮನ ಸೂಜಿ ಒಂದೊಂದೇ ದೀಪ ಹಚ್ಚುತ್ತ ಹಿಂದೆ ಬರುತ್ತಿತ್ತು. ಯಾವ ಹೊಲಿಗೆ ಯಾರದೆಂದು ಕೊನೆಗೆ ಅವರಿಗೇ ಹೇಳಲು ಬರಲಿಲ್ಲ.

ಮೊದಲ ಮೋಡಗಳು ಊರಿನ ಮೇಲೆ ನಿಂತ ದಿನ ಗೌತಮಿ ಮತ್ತೆ ರಾಮದಾಸಪೇಠಿಗೆ ಹೋದಳು. ನಾಲ್ಕಕ್ಕೆ ಇನ್ನೂ ಸಮಯವಿತ್ತು. ಹೃಷಿಕೇಶ ಚಹಾ ತರಿಸಿ ಗಡಿಯಾರವನ್ನು ಇಬ್ಬರ ನಡುವೆ ಇಟ್ಟ. ಸಣ್ಣ ಮುಳ್ಳು ನಾಲ್ಕರ ಗೋಪುರದ ನೆತ್ತಿಗೆ ಬಂತು, ಅದರ ಮೇಲೆ ಕನಸಿನಲ್ಲಿ ನಡೆದಂತೆ ನಡೆದು ಆಚೆ ಹೋಯಿತು. ಚಹಾ ಕೆನೆ ಕಟ್ಟಿತ್ತು.

ಹೃಷಿಕೇಶ ಎದ್ದು, ಗಾಜಿನ ಕಪಾಟಿನ ನಡುಹಲಗೆಯ ಮೇಲಿದ್ದ ಪರದೇಶದ ಗಡಿಯಾರವೊಂದನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದ.

ಗೌತಮಿ ಹೊರಗೆ ಬಂದು ಮನೆಗೆ ಫೋನ್ ಮಾಡಿದಳು.

“ಅತ್ತಿ, ದಾಟ್ತು.”

ಆ ಕಡೆ ಕೂಲರ್ ಆರಿಸಿದ ಸದ್ದು ಕೇಳಿಸಿತು.

“ಹಂಗಾರ ಜಲ್ದಿ ಬಾ,” ಎಂದರು ಯಲ್ಲಮ್ಮ. “ಬಟ್ಟಿ ಹಿಡಕೊಂಡು ಕುಂತೀನಿ. ನೀ ಮುಂದ ಹೋಗದ ನಾ ಹೊಳ್ಳಿ ಬರೂದು ಹ್ಯಾಂಗ?”